ಹನ್ನೆರಡು ಡಿಗ್ರಿಯ ತಾರಸಿಯಿಂದ

ಟೆಲಿಸ್ಕೋಪಿನ ಜೊತೆ ಬಂದ ಕೈಪಿಡಿಯಲ್ಲಿ ಒಂದು ಚಿತ್ರವಿತ್ತು. ಸ್ಟ್ಯಾಂಡಿನ ತಲೆ ಅರ್ಧ ಆಕಾಶದೆತ್ತರಕ್ಕೆ ಮುಖ ಮಾಡಿ ಧ್ರುವ ನಕ್ಷತ್ರವನ್ನು ನೋಡುತ್ತಿತ್ತು. ನಾನೂ ಹಾಗೇ ನಿಲ್ಲಿಸಿ ಮೂರು ರಾತ್ರಿ ಧ್ರುವನನ್ನು ಹುಡುಕಿದೆ. ಸಿಗಲಿಲ್ಲ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆಯೋ ಅದೇ ಆ ಊರಿನ ಅಕ್ಷಾಂಶ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮೈಸೂರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆ ಅಂತಲೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ, ಅಷ್ಟೆ. ತೋಳು ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ನಮ್ಮ ಧ್ರುವ ಇರುವುದು ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ. ನಮ್ಮ ತಾರಸಿಯ ಮಟ್ಟಿಗೆ ಪಕ್ಕದ ಮನೆಯ ತೆಂಗಿನ ಗರಿಗಳ ಹಿಂದೆ.

ನನ್ನದು 130 ಮಿಲಿಮೀಟರ್ ಕನ್ನಡಿಯ, 900 ಮಿಲಿಮೀಟರ್ ನಾಭಿದೂರದ ನ್ಯೂಟೋನಿಯನ್, ಅಂದರೆ ಮಸೂರದ ಬದಲು ಕನ್ನಡಿಯಿಂದ ಬೆಳಕು ಕೂಡಿಸುವ ಟೆಲಿಸ್ಕೋಪು. 2024ರ ನವೆಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಸ್ಟ್ಯಾಂಡು ಈಕ್ವಟೋರಿಯಲ್. ಅದರ ಒಂದು ಅಕ್ಷವನ್ನು ಧ್ರುವನತ್ತ ಹೂಡಿಬಿಟ್ಟರೆ, ಆಮೇಲೆ ಒಂದೇ ತಿರುಪನ್ನು ತಿರುಗಿಸುತ್ತಾ ನಕ್ಷತ್ರವನ್ನು ಹಿಂಬಾಲಿಸಬಹುದು. ಕೇಳಲಿಕ್ಕೆ ಸೊಗಸು. ಆದರೆ 12 ಡಿಗ್ರಿಗೆ ಇಳಿಸಿದರೆ ಅಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ, ಕೊಳವೆಯ ಭಾರ ಸರಿದೂಗಿಸುವ ತೂಕದ ಗುಂಡು ಉತ್ತರದ ಕಾಲಿಗೆ ಟಣ್ ಅಂತ ಬಡಿಯುತ್ತದೆ. ಒಂದರ ಬದಲು ಎರಡು ಕಾಲು ಉತ್ತರಕ್ಕೆ ಬರುವಂತೆ ತಿರುಗಿಸಿದ ಮೇಲೆ ಗುಂಡು ನಡುವಿನ ಸಂದಿಯಲ್ಲಿ ಆಡಿತು. ಆದರೂ ಕೊಳವೆ ಅತ್ತಿತ್ತ ಹೊರಳಿದ ಹಾಗೆ, ಕಣ್ಣಿಟ್ಟು ನೋಡುವ ಮಸೂರ, ಅಂದರೆ ಐಪೀಸು, ಒಮ್ಮೆ ಹೊಟ್ಟೆಯಡಿಗೆ, ಒಮ್ಮೆ ನೆತ್ತಿಗೆ ಹೋಗಿ ನನ್ನ ಕುತ್ತಿಗೆ ಉಳುಕಿತು.

ಎರಡು ತಿಂಗಳು ಒದ್ದಾಡಿ ಕೊನೆಗೆ ಅಕ್ಷಾಂಶದ ಸ್ಕೇಲನ್ನು 90ಕ್ಕೆ ಏರಿಸಿದೆ. ಆಗ ಅದೇ ಅಕ್ಷ ನೆಟ್ಟಗೆ ನಿಲ್ಲುತ್ತದೆ, ಟೆಲಿಸ್ಕೋಪು ಎಡ-ಬಲ, ಮೇಲೆ-ಕೆಳಗೆ ಮಾತ್ರ ಆಡುತ್ತದೆ. ಗ್ರಹದ ಹಿಂದೆ ಹೋಗಲು ಎರಡೂ ತಿರುಪು ಬೇಕು, ಧ್ರುವನ ಗೊಡವೆ ಬೇಡ. ಹೊಸದಾಗಿ ಕೊಳ್ಳುವವರು ಕೇಳಿದರೆ ನಾನು ಮೊದಲೇ ಹೇಳುತ್ತೇನೆ: ನಮ್ಮ ಸೀಮೆಗೆ ನೆಲದ ಮೇಲೆ ಕೂರುವ, ಹೀಗೆಯೇ ಎಡ-ಬಲ, ಮೇಲೆ-ಕೆಳಗೆ ಆಡುವ, ಮರದ ಪೀಠದ ಡಾಬ್ಸೋನಿಯನ್ ಸಾಕು.

ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿದ ಪುಟ್ಟ ದುರ್ಬೀನು, ಅಂದರೆ ಫೈಂಡರ್, ಅದನ್ನು ಸರಿಮಾಡುವುದು ಹಗಲಿನ ಕೆಲಸ, ಇದನ್ನೂ ತಡವಾಗಿ ಕಲಿತೆ. ಸಂಜೆ ಐದರ ಹೊತ್ತಿಗೆ, ಸೂರ್ಯ ಬೆನ್ನ ಹಿಂದೆ ಪಡುವಣಕ್ಕಿರುವಾಗ, ಚಾಮುಂಡಿ ಬೆಟ್ಟದ ದೇವಸ್ಥಾನದ ಗೋಪುರವನ್ನು ದೊಡ್ಡ ಕೊಳವೆಯಲ್ಲಿ ನಡುಮಧ್ಯಕ್ಕೆ ತಂದು, ಆಮೇಲೆ ಫೈಂಡರಿನ ತಿರುಪುಗಳನ್ನು ಅದೇ ಗೋಪುರಕ್ಕೆ ಹೊಂದಿಸಿದೆ. ಅಮ್ಮ ಬಗ್ಗಿ ನೋಡಿ, "ಅಯ್ಯೋ, ಅಮ್ಮನೋರ ಗೋಪುರಾನೇ ತಲೆಕೆಳಗು ಮಾಡ್ಬಿಟ್ಟಿದ್ದೀಯಲ್ಲೋ!" ಅಂದರು. ನ್ಯೂಟೋನಿಯನ್ನಿನಲ್ಲಿ ಬಿಂಬ ಹಾಗೇ, ಕೆಟ್ಟಿದೆ ಅಂತಲ್ಲ. ಹಗಲಲ್ಲಿ ಕೊಳವೆಯನ್ನು ಸೂರ್ಯನ ಹತ್ತಿರಕ್ಕೂ ಒಯ್ಯಬಾರದು, ಫೈಂಡರಿನ ಮುಚ್ಚಳವನ್ನೂ ಮರೆಯಬಾರದು. ಕಣ್ಣು ಹೋಗುವುದಕ್ಕೆ ಒಂದು ಗಳಿಗೆ ಸಾಕು. ಐಪೀಸಿಗೆ ತಿರುಚುವ ಪುಟ್ಟ ಕಪ್ಪು ಗಾಜೊಂದು ಪೆಟ್ಟಿಗೆಯಲ್ಲಿತ್ತು, "ಸನ್ ಫಿಲ್ಟರ್" ಅಂತ. ಕನ್ನಡಿ ಕೂಡಿಸಿದ ಬಿಸಿಗೆ ಅದು ಸೀಳಬಹುದು. ಕಸದ ಬುಟ್ಟಿಗೆ ಹಾಕಿದೆ.

ಪೆಟ್ಟಿಗೆಯ ಮೇಲೆ 675 ಪಟ್ಟು ಅಂತ ದೊಡ್ಡದಾಗಿ ಅಚ್ಚಾಗಿತ್ತು. ಲೆಕ್ಕ ಸುಳ್ಳಲ್ಲ. 900ನ್ನು 4 ಮಿಲಿಮೀಟರ್ ಐಪೀಸಿನಿಂದ ಭಾಗಿಸಿದರೆ 225, ಬಿಂಬವನ್ನು ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ ಹಾಕಿದರೆ 675. ಕಾಣುವುದು ಮಾತ್ರ ಮಜ್ಜಿಗೆಯಲ್ಲಿ ಕದಡಿದ ಗ್ರಹ. ಕನ್ನಡಿಯ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಅನ್ನುವುದು ಮೇಲಿನ ಮಿತಿ, ನನ್ನದಕ್ಕೆ 260. ನಮ್ಮ ಗಾಳಿ ಅಷ್ಟನ್ನೂ ಬಿಡುವ ರಾತ್ರಿಗಳು ಬೆರಳೆಣಿಕೆಯಷ್ಟು. 25 ಮಿಲಿಮೀಟರಿನದರಲ್ಲಿ ಹುಡುಕಿ, 10 ಮಿಲಿಮೀಟರಿನದರಲ್ಲಿ, ಅಂದರೆ 90 ಪಟ್ಟಿನಲ್ಲಿ ನೋಡುವುದು ನನ್ನ ರೂಢಿ. ಆ 90ರಲ್ಲೂ ಭೂಮಿಯ ತಿರುಗಾಟದಿಂದ ಗುರು ಗ್ರಹ ಎರಡೇ ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಜಾರುತ್ತದೆ. ಮನೆಗೆ ಬಂದವರು "ಬನ್ನಿ, ನೀವು ನೋಡಿ" ಅಂತ ಉಪಚಾರ ಮಾಡುತ್ತಾ ನಿಂತರೆ ಕೊನೆಯವರಿಗೆ ಖಾಲಿ ಆಕಾಶ.

ಮಸುಕಿಗೆ ಬೇರೆ ಕಾರಣವೂ ಇತ್ತು. ಫೋಕಸ್ ಕೆಡಿಸಿ ಲುಬ್ಧಕವನ್ನು ನೋಡಿದರೆ ಉದ್ದಿನ ವಡೆಯ ಹಾಗೆ ನಡುವೆ ಕಪ್ಪು ತೂತಿನ ಬಿಲ್ಲೆ ಕಾಣಬೇಕು. ನನ್ನ ವಡೆಯ ತೂತು ಅಂಚಿಗೆ ಸರಿದಿತ್ತು. ಬಸ್ಸಿನ ಕುಲುಕಾಟಕ್ಕೆ ಕನ್ನಡಿ ವಾಲಿತ್ತು. ಪ್ಲಾಸ್ಟಿಕ್ ಮುಚ್ಚಳಕ್ಕೆ ಸಣ್ಣ ತೂತು ಕೊರೆದು ಐಪೀಸಿನ ಜಾಗದಲ್ಲಿ ಹಾಕಿ ನಾನು ಇಣುಕಿದೆ. ಮಗಳು ಕೊಳವೆಯ ಬುಡದ ಮೂರು ತಿರುಪುಗಳನ್ನು ಹಿಡಿದಳು. "ಕಾಲು ಸುತ್ತು... ಬೇಡ, ವಾಪಸ್... ಇನ್ನೊಂದು ತಿರುಪು ಪುಟ್ಟಾ." ಒಂದು ಗಂಟೆ, ಸಾಕಷ್ಟು ಬೈಗುಳ. ಅವತ್ತು ರಾತ್ರಿ ಗುರುವಿನ ಮೈಮೇಲೆ ಎರಡು ಪಟ್ಟೆ ಮೊದಲ ಸಲ ಕಂಡವು. ಈಗ ಊಟಕ್ಕೆ ಕೂರುವ ಮುಂಚೆಯೇ ಟೆಲಿಸ್ಕೋಪನ್ನು ಹೊರಗಿಡುತ್ತೇನೆ, ಕನ್ನಡಿ ತಣಿಯಲು ಅರ್ಧ ಗಂಟೆಯಾದರೂ ಬೇಕು. ಬೇಸಿಗೆಯಲ್ಲಂತೂ ಕಾಂಕ್ರೀಟಿನ ಧಗೆ ಇಳಿಯುವವರೆಗೆ ತಾರಸಿ ಬೇಡ, ಹಿತ್ತಲ ಮಣ್ಣೇ ಮೇಲು.

ಯಾವ ದಿನ ಏನು ನೋಡಬೇಕು ಅನ್ನುವುದಕ್ಕೆ ಗೋಡೆಯ ಕ್ಯಾಲೆಂಡರು ಸಾಕು. ಹುಣ್ಣಿಮೆ ಚಂದ್ರ ದಂಡ, ನೆರಳೇ ಇರುವುದಿಲ್ಲ. ಶುಕ್ಲ ಷಷ್ಠಿಯಿಂದ ದಶಮಿಯವರೆಗೆ ಬೆಳಕು ನೆರಳಿನ ಗಡಿಯುದ್ದಕ್ಕೂ ಕುಳಿಗಳು ಕೆತ್ತಿಟ್ಟಂತೆ ನಿಲ್ಲುತ್ತವೆ. ಕೋಪರ್ನಿಕಸ್ ಎಂಬ ಕುಳಿಯ ಅಗಲ 93 ಕಿಲೋಮೀಟರ್, ಹೆಚ್ಚುಕಡಿಮೆ ಮೈಸೂರಿನಿಂದ ರಾಮನಗರದ ದಾರಿಯಷ್ಟು. 2025ರ ದಸರೆಯಲ್ಲಿ ಅರಮನೆಯ ದೀಪಗಳಿಗೆ ಆಕಾಶವೆಲ್ಲ ತೊಳೆದುಹೋಗಿದ್ದರೂ ಶನಿ ಚೆನ್ನಾಗಿಯೇ ಸಿಕ್ಕಿದ. ಆ ವರ್ಷ ಬಳೆಗಳು ನಮಗೆ ಅಂಚು ತೋರಿಸಿ ನಿಂತಿದ್ದವು. ಅಮ್ಮನಿಗೆ ನಿರಾಸೆ. "ಬಳೆ ಎಲ್ಲೋ? ಗೋಲಿಗೆ ಕಡ್ಡಿ ಚುಚ್ಚಿದ ಹಾಗಿದೆ." ವರ್ಷ ಕಳೆದಂತೆ ಅಗಲವಾಗುತ್ತವೆ ಅಂತ ಸಮಾಧಾನ ಹೇಳಿದೆ.

ಧ್ರುವನನ್ನು ತೆಂಗಿನ ಮರಕ್ಕಿಳಿಸಿದ ಆ 12 ಡಿಗ್ರಿಯೇ ದಕ್ಷಿಣದಲ್ಲಿ ಒಂದು ಉಡುಗೊರೆ ಇಟ್ಟಿತ್ತು. 2025ರ ಏಪ್ರಿಲ್ ಕೊನೆಯ ಅಮಾವಾಸ್ಯೆಗೆ ಗುಂಡ್ಲುಪೇಟೆ ಕಡೆಯ ಅಕ್ಕನ ಹೊಲಕ್ಕೆ ಟೆಲಿಸ್ಕೋಪು ಒಯ್ದಿದ್ದೆ. ರಾತ್ರಿ ಹನ್ನೊಂದೂವರೆಗೆ ಚಿತ್ತಾ ನಕ್ಷತ್ರದಿಂದ ನೇರ ಕೆಳಗೆ, ದಕ್ಷಿಣಕ್ಕೆ ಮೂರೂವರೆ ಮುಷ್ಟಿ ಇಳಿದರೆ ಬರಿಗಣ್ಣಿಗೆ ಮಬ್ಬು ಚುಕ್ಕೆಯೊಂದು. ಅದು ಒಮೆಗಾ ಸೆಂಟಾರಿ, ಹತ್ತಿರ ಹತ್ತಿರ ಒಂದು ಕೋಟಿ ನಕ್ಷತ್ರಗಳ ಗುಚ್ಛ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ, ನಮಗೆ ದಿಗಂತದಿಂದ 30 ಡಿಗ್ರಿ ಮೇಲೆ. 36 ಪಟ್ಟಿನಲ್ಲಿ ನಡುವೆ ಒತ್ತಾಗಿ, ಅಂಚಿನಲ್ಲಿ ಕಾಳುಕಾಳಾಗಿ ಕಂಡಿತು. ಅಕ್ಕ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ರಂಗೋಲಿ ಪುಡಿ ಕೈಜಾರಿದ ಹಾಗಿದೆ ಕಣೋ" ಅಂದಳು.

ಜೂನ್ ಬಂತೆಂದರೆ ಕೊಳವೆಗೆ ಹಳೆ ಪಂಚೆ ಸುತ್ತಿ ಒಳಗಿಡುತ್ತೇನೆ. ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಐಪೀಸುಗಳು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಅಮ್ಮನ ಹಪ್ಪಳದ ಸ್ಟೀಲ್ ಡಬ್ಬಿಯಲ್ಲಿ. ಹಪ್ಪಳಕ್ಕೆ ಬೇರೆ ಡಬ್ಬಿ ತಂದುಕೊಡುವುದು ಇನ್ನೂ ಬಾಕಿ ಇದೆ.