ಇಲಿಗೆ ಎಂಟು ವಾರ, ನನಗೆ ಹತ್ತು ವಾರ: ಸಂಶೋಧನೆ ಆರಿಸಿಕೊಂಡ ನನ್ನ ಅನುಭವ

ಹಾಸನದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಅಪ್ಪನ ಕೆಲಸದ ಕಾರಣಕ್ಕೆ ಅಮೆರಿಕಕ್ಕೆ ಬಂದ ನಾನು ಇಲ್ಲಿನ ವೈದ್ಯಕೀಯ ಕಾಲೇಜಿಗೆ ಸೇರಿದ್ದು 2020ರಲ್ಲಿ. ಮೂಳೆ-ಕೀಲುಗಳ ಚಿಕಿತ್ಸೆಯಾದ ಆರ್ಥೋಪೆಡಿಕ್ಸ್ ಮಾಡಬೇಕೆಂಬ ಆಸೆ ಮೊದಲಿನಿಂದಲೂ ಇತ್ತು, ಆದರೆ ಅದಕ್ಕೆ ಸೀಟು ಸಿಗುವ ಬಗೆ ಅರ್ಥವಾಗಲು ಒಂದು ವರ್ಷವೇ ಹಿಡಿಯಿತು. ಊರಿನಲ್ಲಾದರೆ ನೀಟ್ ಪಿಜಿಯ ರ‍್ಯಾಂಕು, ಮೀಸಲಾತಿ, ಕೌನ್ಸೆಲಿಂಗ್ ಎಂದು ದಾರಿ ಗೊತ್ತಿರುತ್ತದೆ. ಇಲ್ಲಿ ಅಂಕ, ಶಿಫಾರಸು ಪತ್ರ, ಸಂದರ್ಶನ, ಸಂಶೋಧನೆ ಎಲ್ಲವನ್ನೂ ತೂಗಿ ಪ್ರತಿಯೊಂದು ಆಸ್ಪತ್ರೆಯೂ ಅಭ್ಯರ್ಥಿಗಳ ಪಟ್ಟಿ ಮಾಡುತ್ತದೆ, ಅಭ್ಯರ್ಥಿಗಳು ಆಸ್ಪತ್ರೆಗಳ ಪಟ್ಟಿ ಕೊಡುತ್ತಾರೆ, ಎರಡನ್ನೂ ಕಂಪ್ಯೂಟರ್ ಹೊಂದಿಸಿ ಮಾರ್ಚ್ ತಿಂಗಳ ಒಂದು ಶುಕ್ರವಾರ ಯಾರು ಎಲ್ಲಿಗೆ ಎಂದು ಹೇಳುತ್ತದೆ. ಅದಕ್ಕೆ ಮ್ಯಾಚ್ ಎಂದು ಹೆಸರು. ಇದರ ಮೇಲೆ 2022ರ ಜನವರಿ 26ರಿಂದ ವೈದ್ಯ ಪರವಾನಗಿಗೆ ಬರೆಯಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದಾದ ಸ್ಟೆಪ್ 1ಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿ, ಪಾಸು ಅಥವಾ ಫೇಲು ಎಂದಷ್ಟೇ ತಿಳಿಸತೊಡಗಿದರು. ಆ ವರ್ಷದ ವಸಂತದಲ್ಲಿ ಪರೀಕ್ಷೆ ಬರೆದ ನಮ್ಮಂಥವರಿಗೆ, ಹೇಳಿಕೊಳ್ಳಲು ಸ್ಟೆಪ್ 2ರ ಅಂಕವನ್ನು ಬಿಟ್ಟರೆ ಉಳಿದದ್ದು ಸಂಶೋಧನೆಯೇ ಎಂಬ ಗಾಬರಿ ಹತ್ತಿಕೊಂಡಿತ್ತು.

ಮೊದಲ ವರ್ಷ ಮುಗಿದ ಮೇಲೆ ಸಿಗುವ ಹತ್ತು ವಾರಗಳ ಬೇಸಿಗೆ ರಜೆಯಲ್ಲಿ ನಾನು ಸೇರಿದ್ದು ಮೂಳೆಸಂಧಿಯ ಮೃದ್ವಸ್ಥಿಯನ್ನು (ಕಾರ್ಟಿಲೇಜ್) ಅಧ್ಯಯನ ಮಾಡುವ ಒಂದು ಪ್ರಯೋಗಾಲಯಕ್ಕೆ. ಹೆಸರಾಂತ ಪ್ರಾಧ್ಯಾಪಕರು, ದೊಡ್ಡ ಅನುದಾನ, ಕೇಳಿದರೆ ಮೈ ಜುಮ್ಮೆನ್ನುವ ವಿಷಯ. ಇಲಿಯ ಮೊಣಕಾಲಿನಲ್ಲಿ ಮೆತ್ತೆಯಂತಿರುವ ಮೆನಿಸ್ಕಸ್ಸನ್ನು ಹಿಡಿದಿಟ್ಟಿರುವ ಒಂದು ಚಿಕ್ಕ ಕಟ್ಟುನಾರನ್ನು ಕತ್ತರಿಸಿದರೆ ಕೀಲು ನಿಧಾನವಾಗಿ ಸವೆಯುತ್ತದೆ; ಆಮೇಲೆ ಅದನ್ನು ತೆಳುವಾಗಿ ಸೀಳಿ, ಸ್ಯಾಫ್ರನಿನ್ ಓ ಎಂಬ ಬಣ್ಣ ಹಾಕಿ, ಕೆಂಪು ಎಲ್ಲೆಲ್ಲಿ ಮಾಸಿದೆ ಎಂದು ನೋಡಿ ಅಂಕ ಕೊಡಬೇಕು. ನಾನು ಯಾರನ್ನೂ ಕೇಳದೇ ಹೋದ ಸಂಗತಿಯೆಂದರೆ, ಶಸ್ತ್ರಚಿಕಿತ್ಸೆಯಾದ ಮೇಲೆ ಆ ಸವೆತ ಕಾಣಿಸಿಕೊಳ್ಳಲು ಎಂಟು ವಾರ ಕಾಯಬೇಕು ಎಂಬುದು. ಪ್ರಾಣಿಗಳನ್ನು ಮುಟ್ಟಲು ಬೇಕಾದ ತರಬೇತಿ ಮತ್ತು ಅನುಮತಿಯಲ್ಲಿ ಮೊದಲ ಎರಡು ವಾರ ಕಳೆದಿದ್ದವು. ಇಲಿಗಳು ಸಿದ್ಧವಾದ ದಿನ ನಾನು ಚೀಲ ಕಟ್ಟುತ್ತಿದ್ದೆ. ಸ್ಲೈಡುಗಳನ್ನು ಬೇರೆ ಯಾರೋ ನೋಡಿದರು, ಪ್ರಬಂಧ ಬಂದದ್ದು ನನ್ನ ಮ್ಯಾಚ್ ಮುಗಿದ ಮೇಲೆ, ಅದರಲ್ಲಿ ನನ್ನದು ನಾಲ್ಕನೆಯ ಹೆಸರು. ಪ್ರಯೋಗಾಲಯದ ತಪ್ಪು ಇದರಲ್ಲಿ ಏನೂ ಇಲ್ಲ. ಅವರ ಕೆಲಸ ಅವರ ಗತಿಯಲ್ಲಿ ನಡೆಯಿತು. ನನ್ನ ರಜೆಯ ಅಳತೆಗೆ ಅದು ಹೊಂದುವುದಿಲ್ಲ ಎಂಬುದನ್ನು ಮೊದಲೇ ವಿಚಾರಿಸಬೇಕಾಗಿದ್ದವಳು ನಾನು.

ಎರಡನೆಯ ಸಲ ವಿಷಯವನ್ನು ಹುಡುಕುವ ಮೊದಲು ಮಾರ್ಗದರ್ಶಕರನ್ನು ಹುಡುಕಿದೆ. ವಿಭಾಗದ ಒಬ್ಬೊಬ್ಬರ ಹೆಸರನ್ನೂ ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹಾಕಿ, ಹಿಂದಿನ ಐದು ವರ್ಷಗಳಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲಿಗೆ ಬಂದಿರುವ ಪ್ರಬಂಧಗಳು ಎಷ್ಟಿವೆ ಎಂದು ಎಣಿಸಿದೆ. ಯಾರ ಜೊತೆ ಅಂಥವು ಕಂಡವೋ, ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ನೀವು ಬರೆದ ಕರಡು ಅವರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು? ಒಬ್ಬರ ವಿಷಯದಲ್ಲಿ ಹನ್ನೊಂದು ತಿಂಗಳು ಎಂಬ ಉತ್ತರ ಬಂತು. ಇನ್ನೊಬ್ಬರ ವಿಷಯದಲ್ಲಿ ಎರಡು ವಾರ. ಎರಡು ವಾರದವರು ಅಷ್ಟೇನೂ ಪ್ರಸಿದ್ಧರಲ್ಲ, ಆದರೆ ನಾನು ಬಾಗಿಲು ತಟ್ಟಿದ್ದು ಅವರದನ್ನೇ.

ಅವರು ಮೂರು ವಿಷಯಗಳನ್ನು ಮುಂದಿಟ್ಟರು. ನಾನು ಆರಿಸಿಕೊಂಡದ್ದು ಮೂರರಲ್ಲೇ ಅತ್ಯಂತ ಸಪ್ಪೆಯಾಗಿ ಕಾಣುತ್ತಿದ್ದುದನ್ನು. ವಯಸ್ಸಾದವರು ನಿಂತಲ್ಲೇ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರೆ, ಮೂಳೆ ಟೊಳ್ಳಾಗಿದೆ ಎನ್ನಲು ಬೇರೆ ಪುರಾವೆ ಬೇಕಾಗಿಲ್ಲ. ಆದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನೇಕರು ಆಸ್ಟಿಯೊಪೊರೋಸಿಸ್ ಔಷಧಿಯನ್ನು ಶುರು ಮಾಡದೆಯೇ ಮನೆಗೆ ಹೋಗುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಎಷ್ಟು ಮಂದಿಗೆ ಆರು ತಿಂಗಳೊಳಗೆ ಔಷಧಿ ಶುರುವಾಯಿತು ಎಂಬುದು ಪ್ರಶ್ನೆ. ಇದನ್ನು ಒಪ್ಪಿಕೊಳ್ಳಲು ನನಗಿದ್ದ ಕಾರಣಗಳು ಲೆಕ್ಕದವು. ರೋಗಿಗಳೆಲ್ಲ ಬಂದು ಹೋಗಿಯಾಗಿತ್ತು, ಆರು ತಿಂಗಳೂ ಕಳೆದಾಗಿತ್ತು, ಮಾಹಿತಿ ಕಡತಗಳಲ್ಲಿ ಕೂತಿತ್ತು, ನೈತಿಕ ಸಮಿತಿಯ ಅನುಮತಿಯೂ ಸಿಕ್ಕಿತ್ತು. ಕಾಯಬೇಕಾದದ್ದು ಏನೂ ಇರಲಿಲ್ಲ. ಮೂರನೇ ವರ್ಷದಲ್ಲಿ ಮನಸ್ಸು ಬದಲಾಗಿ ಜನರಲ್ ಮೆಡಿಸಿನ್ನಿಗೋ ಹಾರ್ಮೋನುಗಳ ವಿಭಾಗವಾದ ಎಂಡೊಕ್ರೈನಾಲಜಿಗೋ ತಿರುಗಿಕೊಂಡರೂ ಈ ಕೆಲಸ ಅಲ್ಲಿ ಅಷ್ಟೇ ಬೆಲೆಬಾಳುತ್ತಿತ್ತು. ಮೊದಲ ಲೇಖಕಿ ನಾನೇ ಎಂಬುದನ್ನು ಮೊದಲ ದಿನವೇ ಇಮೇಲಿನಲ್ಲಿ ಬರೆಸಿಕೊಂಡೆ, ಸಂಕೋಚವಾದರೂ.

ಇನ್ನೂರ ನಲವತ್ತು ಕಡತಗಳು. ದಿನಕ್ಕೆ ಎಂಟರಂತೆ, ವಾರಕ್ಕೆ ಐದು ಸಂಜೆ, ಆರು ವಾರ. ಸಂಶೋಧನೆಯ ಮಾಹಿತಿ ದಾಖಲಿಸುವ ತಂತ್ರಾಂಶವಾದ ರೆಡ್‌ಕ್ಯಾಪ್‌ನಲ್ಲಿ ನಮೂನೆ ಮಾಡಿಕೊಂಡು ತುಂಬಿದೆ. ಒಬ್ಬಳೇ ಓದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲವೆಂದು, ಅದರಲ್ಲಿ ಇಪ್ಪತ್ನಾಲ್ಕನ್ನು ಸಹಪಾಠಿಯೊಬ್ಬನಿಗೆ ಮತ್ತೆ ಓದಲು ಕೊಟ್ಟಾಗ ನಮ್ಮಿಬ್ಬರ ಉತ್ತರಗಳು ಹೊಂದಲೇ ಇಲ್ಲ. ಬರೀ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರೂ ಅದನ್ನು ಚಿಕಿತ್ಸೆ ಎಂದು ನಾನು ಗುರುತಿಸಿದ್ದೆ, ಅವನು ಗುರುತಿಸಿರಲಿಲ್ಲ. ಸರಿ ಇದ್ದವನು ಅವನು. ಇನ್ನೂರ ನಲವತ್ತನ್ನೂ ಮೊದಲಿನಿಂದ ಓದಿದೆ. ಈ ಎರಡನೆಯ ಓದಿನಲ್ಲಿ ಕಲಿತಷ್ಟನ್ನು ನನಗೆ ಯಾವ ತರಗತಿಯೂ ಕಲಿಸಿಲ್ಲ.

ಇಷ್ಟು ಬುದ್ಧಿ ಬಂದ ಮೇಲೂ ಒಂದು ಸಲ ಎಡವಿದೆ. ಮ್ಯಾಚ್ ನಡೆಸುವ ಸಂಸ್ಥೆಯ 2022ರ ವರದಿಯಲ್ಲಿ, ಆರ್ಥೋಪೆಡಿಕ್ಸ್ ಸಿಕ್ಕ ಅಮೆರಿಕದ ಎಂಡಿ (ನಮ್ಮ ಎಂಬಿಬಿಎಸ್‌ನಂಥ ಮೊದಲ ವೈದ್ಯಕೀಯ ಪದವಿ) ವಿದ್ಯಾರ್ಥಿಗಳ ಅರ್ಜಿಯಲ್ಲಿ ಸರಾಸರಿ 16.5 ಸಂಶೋಧನಾ ನಮೂದುಗಳಿದ್ದವು ಎಂದು ಓದಿ ಎದೆ ಧಸಕ್ಕೆಂದಿತು. ಆ ಎಣಿಕೆಯಲ್ಲಿ ಸಾರಾಂಶ, ಮಂಡನೆ, ಪ್ರಬಂಧ ಎಲ್ಲವೂ ಸೇರುತ್ತವೆ, ಒಂದೇ ಅಧ್ಯಯನ ಪೋಸ್ಟರ್ ಆಗಿ, ಭಾಷಣವಾಗಿ, ಪ್ರಬಂಧವಾಗಿ ಮೂರು ಸಲ ಎಣಿಕೆಗೆ ಬರುತ್ತದೆ ಎಂಬುದನ್ನು ನಿಧಾನವಾಗಿ ಯೋಚಿಸುವ ತಾಳ್ಮೆ ಆಗ ಇರಲಿಲ್ಲ. ಗೆಳೆಯನೊಬ್ಬ ಎನ್‌ಎಸ್‌ಕ್ಯುಐಪಿ ಎಂಬ ರಾಷ್ಟ್ರೀಯ ಶಸ್ತ್ರಚಿಕಿತ್ಸಾ ದತ್ತಾಂಶದಿಂದ ಸರಸರನೆ ತೆಗೆಯುತ್ತಿದ್ದ ಪ್ರಬಂಧವೊಂದಕ್ಕೆ ಐದನೆಯವಳಾಗಿ ಸೇರಿಕೊಂಡೆ. ಪೀಠಿಕೆಯ ಎರಡು ಪ್ಯಾರಾ ಬರೆದದ್ದಷ್ಟೇ ನನ್ನ ಪಾಲು. ಒಂದು ಸಂದರ್ಶನದಲ್ಲಿ ಅದನ್ನೇ ಎತ್ತಿಕೊಂಡ ಹಿರಿಯ ವೈದ್ಯರು, ಮೂವತ್ತೊಂದನೆಯ ದಿನ ತೀರಿಕೊಂಡ ರೋಗಿ ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾನೆ ಎಂದು ಕೇಳಿದರು. ಆ ದತ್ತಾಂಶ ಶಸ್ತ್ರಚಿಕಿತ್ಸೆಯಾದ ಮೂವತ್ತು ದಿನಗಳವರೆಗೆ ಮಾತ್ರ ಹಿಂಬಾಲಿಸುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಲೇ ಇಲ್ಲ. ಏನೋ ತೊದಲಿದೆ. ಆ ಆಸ್ಪತ್ರೆಯನ್ನು ನನ್ನ ಪಟ್ಟಿಯಲ್ಲಿ ಮೇಲೆಯೇ ಬರೆದೆ. ಅವರು ನನ್ನನ್ನು ಎಲ್ಲಿ ಬರೆದರೋ.

ಸೊಂಟದ ಕೀಲಿನ ಪ್ರಬಂಧವನ್ನು 2023ರ ಜನವರಿಯಲ್ಲಿ ಕಳಿಸಿದೆವು, ಜೂನ್‌ನಲ್ಲಿ ಅಂಗೀಕಾರವಾಯಿತು, ಸೆಪ್ಟೆಂಬರಿನಲ್ಲಿ ಅರ್ಜಿ ಹಾಕುವಾಗ ಅದರ ಮುಂದೆ ‘ಕಳುಹಿಸಲಾಗಿದೆ’ ಎಂದು ಬರೆಯುವ ಬದಲು ‘ಅಂಗೀಕೃತ’ ಎಂದು ಬರೆಯುವಂತಾಯಿತು. ಸಂಶೋಧನೆಗೆಂದೇ ಒಂದು ವರ್ಷ ಬಿಡುವು ತೆಗೆದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಸಾಲದ ಬಡ್ಡಿಯನ್ನು ನೋಡಿ ನಾನು ಆ ಯೋಚನೆ ಬಿಟ್ಟೆ. ಎಣಿಸಿದರೆ ನನ್ನ ನಮೂದುಗಳು ಹನ್ನೊಂದು. ಮಾರ್ಗದರ್ಶಕರ ಪತ್ರದಲ್ಲಿ ಕಡತಗಳನ್ನು ಎರಡನೆಯ ಸಲ ಓದಿದ ಕಥೆಯಿತ್ತು ಎಂದು ಸಂದರ್ಶನಗಳಲ್ಲಿ ಬಂದ ಪ್ರಶ್ನೆಗಳಿಂದ ಗೊತ್ತಾಯಿತು. 2024ರ ಮಾರ್ಚ್ 15ರಂದು ಐದು ವರ್ಷಗಳ ಆರ್ಥೋಪೆಡಿಕ್ಸ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ, ಸಿಕ್ಕಿತು.

ಮೈಸೂರಿನಲ್ಲಿ ಎಂಬಿಬಿಎಸ್ ಓದುತ್ತಿರುವ ಚಿಕ್ಕಪ್ಪನ ಮಗಳು ಈಚೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಎಸ್‌ಟಿಎಸ್ ಎಂಬ ವಿದ್ಯಾರ್ಥಿ ಸಂಶೋಧನಾ ಯೋಜನೆಗೆಂದು ಬರೆದ ಪ್ರಸ್ತಾವವನ್ನು ನೋಡಲು ಕಳಿಸಿದ್ದಳು. ಆ ಯೋಜನೆಯ ಅವಧಿ ಎರಡು ತಿಂಗಳು. ಮೂಳೆ ಮುರಿದ ರೋಗಿಗಳನ್ನು ಆರು ತಿಂಗಳು ಹಿಂಬಾಲಿಸುವುದಾಗಿ ಅವಳು ಬರೆದಿದ್ದ ಸಾಲನ್ನು ಹೊಡೆದುಹಾಕಿದೆ. ‘ಅಕ್ಕಾ, ಹಾಗಾದರೆ ಇನ್ನೇನು ಉಳಿಯಿತು?’ ಎಂದಳು. ನಾಟಿ ಕಟ್ಟು ಹಾಕಿಸಿಕೊಂಡು ಎಷ್ಟು ದಿನವಾದ ಮೇಲೆ ಆಸ್ಪತ್ರೆಗೆ ಬಂದಿರಿ ಎಂದು ಅವರನ್ನು ಬಂದ ದಿನವೇ ಕೇಳಬಹುದಲ್ಲ, ಅದನ್ನು ಬರಿ ಎಂದೆ. ಪ್ರಶ್ನಾವಳಿಯನ್ನು ಈಗ ಸಿದ್ಧಮಾಡುತ್ತಿದ್ದಾಳೆ.