ಸುತ್ತಿಗೆಯ ಗುರುತು ಹೊತ್ತ ತಾಮ್ರದ ಲೋಲಾಕು

ಹಳೆಯ ಮನೆಯ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆಯ ಮೇಲೆ ಕೈಯಾಡಿಸಿದವರಿಗೆ ಅದರ ಮೈತುಂಬ ಇದ್ದ ಸಣ್ಣ ಸಣ್ಣ ತಗ್ಗುಗಳು ನೆನಪಿರುತ್ತವೆ. ಅಂದ ಹೆಚ್ಚಿಸುವ ಆ ತಗ್ಗುಗಳಿಗೆ ಬೇರೆ ಕೆಲಸವೂ ಇತ್ತು. ಪೆಟ್ಟು ಬಿದ್ದಷ್ಟೂ ತಾಮ್ರ ಗಡುಸಾಗುತ್ತದೆ. ತೆಳುವಾದ ತಗಡು ಅಷ್ಟು ನೀರಿನ ಭಾರವನ್ನು ತಾಳಿಕೊಳ್ಳಲು ಆ ಪೆಟ್ಟುಗಳೂ ಕಾರಣ. ತಂತಿಯಿಂದ ಒಡವೆ ಮಾಡುವಾಗಲೂ ಇದೇ ಗುಣವನ್ನು ನಂಬಿ ಕೆಲಸ ಮಾಡಬೇಕು. ಹನಿಯ ಆಕಾರದ ಚೌಕಟ್ಟನ್ನು ಬಡಿದು ಗಟ್ಟಿಮಾಡಿ, ಅದಕ್ಕೆ ಸಪೂರ ತಂತಿ ಸುತ್ತಿ ಮಣಿ ಕೂರಿಸಿದ ಒಂದು ಜೊತೆ ಲೋಲಾಕನ್ನು ಮನೆಯಲ್ಲೇ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಚೌಕಟ್ಟಿಗೆ 1 ಮಿ.ಮೀ. ದಪ್ಪದ ತಂತಿಯೂ ಸುತ್ತುವುದಕ್ಕೆ 0.4 ಮಿ.ಮೀ. ದಪ್ಪದ್ದೂ ಬೇಕು. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಕೇಳುವುದಕ್ಕಿಂತ ಮಿಲಿಮೀಟರ್‌ನಲ್ಲಿ ಕೇಳುವುದು ಒಳ್ಳೆಯದು. ಏಕೆಂದರೆ 18 ಗೇಜ್ ಎಂದರೆ ಬ್ರಿಟಿಷ್ ಅಳತೆಯಲ್ಲಿ 1.22 ಮಿ.ಮೀ., ಅಮೆರಿಕದ ಅಳತೆಯಲ್ಲಿ 1.02 ಮಿ.ಮೀ. ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಸಿಗುವ ತಂತಿಗೆ ಸಾಮಾನ್ಯವಾಗಿ ವಾರ್ನಿಷ್ ಲೇಪ ಇರುತ್ತದೆ. ಅದನ್ನು ಬೆಂಕಿಗೆ ಹಿಡಿದರೆ ಕೆಟ್ಟ ಹೊಗೆ ಬರುವುದರಿಂದ ಲೇಪವಿಲ್ಲದ ತಂತಿಯನ್ನೇ ಕೇಳಿ ತರಬೇಕು. ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಬೇರೆ ಲೋಹ. ಇವುಗಳ ಜೊತೆಗೆ ದುಂಡುಮೂತಿಯ ಇಕ್ಕಳ, ಚಪ್ಪಟೆಮೂತಿಯ ಇಕ್ಕಳ, ಕಟರ್, ಸಣ್ಣ ಅರ, ಒಂದು ಕಡೆ ಚಪ್ಪಟೆ ಇನ್ನೊಂದು ಕಡೆ ಗುಂಡು ತಲೆಯಿರುವ ಚಿಕ್ಕ ಸುತ್ತಿಗೆ ಮತ್ತು ನುಣುಪಾದ ಉಕ್ಕಿನ ದಿಮ್ಮಿ ಬೇಕು. ಅಕ್ಕಸಾಲಿಗರ ಅಡೆಗಲ್ಲು ಸಿಕ್ಕರೆ ಇನ್ನೂ ಒಳ್ಳೆಯದು.

ದಪ್ಪ ತಂತಿಯಿಂದ 15 ಸೆಂ.ಮೀ. ಉದ್ದದ ಎರಡು ತುಂಡುಗಳನ್ನು ಒಟ್ಟಿಗೇ ಕತ್ತರಿಸಿಕೊಂಡು, ತುದಿಗಳನ್ನು ಅರದಿಂದ ಉಜ್ಜಿ ನಯಗೊಳಿಸಿ. ಒಂದು ಲೋಲಾಕನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದರೆ ಅವೆರಡೂ ಜೊತೆಯಾಗುವುದಿಲ್ಲ. ಪ್ರತಿ ಹಂತವನ್ನೂ ಎರಡಕ್ಕೂ ಮಾಡಿ ಆಮೇಲೆ ಮುಂದಿನದಕ್ಕೆ ಹೋಗಬೇಕು.

ತಂತಿ ಬಿರುಸಾಗಿದ್ದರೆ ಮೊದಲು ಕಾಯಿಸಿ ಮೆದುಗೊಳಿಸಬೇಕು. ಅಡುಗೆಮನೆಯ ಗ್ಯಾಸ್ ಒಲೆಯೇ ಸಾಕು. ಹತ್ತಿ ಬಟ್ಟೆ ತೊಟ್ಟು, ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು, ದೀಪ ಆರಿಸಿ ಅಥವಾ ಕಿಟಕಿಯ ಪರದೆ ಎಳೆದು, ಹಳೆಯ ಇಕ್ಕಳದಲ್ಲಿ ತಂತಿ ಹಿಡಿದು ಜ್ವಾಲೆಯಲ್ಲಿ ನಿಧಾನವಾಗಿ ಆಡಿಸಬೇಕು. ಮಬ್ಬು ಕೆಂಪು ಕಂಡ ಕೂಡಲೇ ಅದರ ಹದ ಬಂದಿರುತ್ತದೆ. ಬೆಳಕಿನಲ್ಲಿ ಈ ಬಣ್ಣ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮಬ್ಬುಗತ್ತಲೆ ಬೇಕೇ ಬೇಕು. ಅದನ್ನು ದಾಟಿ ಕಾಯಿಸಿದರೆ ಲೋಹದ ಕಣಗಳು ಹಿಗ್ಗಿ, ಮುಂದೆ ಬಗ್ಗಿಸುವಾಗ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಕಾದ ತಂತಿಯನ್ನು ನೀರಿಗೆ ಅದ್ದಬಹುದು. ಉಕ್ಕಿನ ಹಾಗೆ ತಾಮ್ರ ಇದರಿಂದ ಗಡುಸಾಗುವುದಿಲ್ಲ. ಮೇಲೆ ಕಟ್ಟಿದ ಕಪ್ಪನ್ನು ಪೂಜೆಯ ಚೊಂಬು ಬೆಳಗುವಂತೆ ಹುಣಸೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜಿದರೆ ತಿಳಿಗೆಂಪು ಮತ್ತೆ ಹೊಮ್ಮುತ್ತದೆ. ಸಪೂರ ತಂತಿಯನ್ನು ಮಾತ್ರ ಬೆಂಕಿಗೆ ಹಿಡಿಯಬೇಡಿ. ಅದನ್ನು ಮೆದುವಾದದ್ದನ್ನೇ ನೋಡಿ ಕೊಳ್ಳಬೇಕು.

ತುಂಡಿನ ನಡುಭಾಗವನ್ನು ಸುಮಾರು 2 ಸೆಂ.ಮೀ. ಅಡ್ಡಳತೆಯ ದುಂಡನೆಯ ಕೋಲಿಗೆ ಒತ್ತಿ ಬಗ್ಗಿಸಿ, ಎರಡೂ ಕಾಲುಗಳು ಮೇಲೆ ಒಂದರ ಹತ್ತಿರ ಒಂದು ಬರುವಂತೆ ತನ್ನಿ. ಅವು ಕೂಡುವ ಜಾಗದಿಂದ ಮೇಲಕ್ಕೆ ತಲಾ 3 ಸೆಂ.ಮೀ. ಉಳಿದಿರಬೇಕು. ಕೂಡುವ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಆ ಗುರುತಿನಿಂದ ಮೇಲಿನ ಭಾಗಕ್ಕೆ ಸುತ್ತಿಗೆ ತಾಗಬಾರದು, ಏಕೆಂದರೆ ಮುಂದೆ ಹನಿಯ ಕೊರಳಿಗೆ ಸುತ್ತಬೇಕಾದದ್ದು ಆ ಮೆದು ತಂತಿಯೇ.

ಇಡೀ ಕೆಲಸದ ಜೀವಾಳ ಬಡಿಯುವುದರಲ್ಲಿದೆ. ದಿಮ್ಮಿಯ ಕೆಳಗೆ ನಾಲ್ಕು ಮಡಿಕೆ ಗೋಣಿ ಹಾಸಿದರೆ ಕೆಳಗಿನ ಮನೆಯವರಿಗೆ ಸದ್ದು ಕಡಿಮೆಯಾಗುತ್ತದೆ. ಸುತ್ತಿಗೆಯ ಹಿಡಿಯನ್ನು ತುದಿಯಲ್ಲಿ ಹಿಡಿದು, ತೋಳಿನ ಬಲ ಹಾಕದೆ, ಅದರ ಭಾರವೇ ಬೀಳುವಂತೆ ಮಣಿಕಟ್ಟಿನಿಂದ ಸಣ್ಣ ಪೆಟ್ಟುಗಳನ್ನು ಹಾಕಬೇಕು. ಮೊದಲು ಚಪ್ಪಟೆ ತಲೆಯಿಂದ ಹನಿಯ ಬುಡದಲ್ಲಿ ಆರಂಭಿಸಿ ಎರಡೂ ಬದಿಗೆ ಮೇಲೇರುತ್ತ, ಬುಡದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಬಡಿಯಿರಿ. ಆಗ ಬುಡ ಅಗಲವಾಗಿ, ಬದಿಗಳು ಕ್ರಮೇಣ ಸಪೂರವಾಗಿ ಕಾಣುತ್ತವೆ. ತಲೆ ಓರೆಯಾಗಿ ಬಿದ್ದರೆ ಉಗುರಿನಿಂದ ಒತ್ತಿದಂತೆ ಅರ್ಧಚಂದ್ರದ ಗೀರು ಮೂಡುತ್ತದೆ, ಅದನ್ನು ಅಳಿಸುವುದು ಕಷ್ಟ. ಸುತ್ತಿಗೆಯ ಮುಖದಲ್ಲಿರುವ ಒಂದು ಗೀರೂ ಪ್ರತಿ ಪೆಟ್ಟಿನಲ್ಲಿ ತಾಮ್ರಕ್ಕೆ ಅಚ್ಚಾಗುವುದರಿಂದ, ಕೆಲಸಕ್ಕೆ ಕೂರುವ ಮುನ್ನ ಅದನ್ನು ನಯವಾದ ಎಮರಿ ಕಾಗದದಿಂದ ತಿಕ್ಕಿಕೊಳ್ಳಿ. ತಂತಿ ಚಪ್ಪಟೆಯಾದ ಮೇಲೆ ಗುಂಡು ತಲೆಯಿಂದ ಒಂದರ ಪಕ್ಕ ಒಂದರಂತೆ ತಗ್ಗು ಮೂಡಿಸಿ. ಹೊಡೆಯುತ್ತ ಹೋದಂತೆ ಮೊದಲಿದ್ದ ಮಂದ ಸದ್ದು ಟಣ್ ಎಂಬ ದನಿಗೆ ತಿರುಗುತ್ತದೆ. ಗಡುಸಾಗಿದೆ ಎಂಬುದು ನನಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಅಗಲ ಬೇಕೆಂದರೆ ಮತ್ತೆ ಕಾಯಿಸಿ ಮೆದುಗೊಳಿಸಿಯೇ ಮುಂದುವರಿಯಬೇಕು, ಇಲ್ಲದಿದ್ದರೆ ಅಂಚು ಸೀಳುತ್ತದೆ.

ನನ್ನ ಮೊದಲ ಜೊತೆಯಲ್ಲಿ ನಾನು ಕಾಲುಗಳನ್ನು ಒಂದರ ಮೇಲೊಂದು ಹಾಯಿಸಿ, ಆ ಕತ್ತರಿಯ ಮೇಲೆಯೇ ಬಡಿದಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಎರಡನೆಯ ದಿನ ಅದು ಅಲ್ಲಿಗೇ ಮುರಿಯಿತು, ಏಕೆಂದರೆ ಮೇಲಿನ ತಂತಿ ಕೆಳಗಿನದರೊಳಗೆ ಇಳಿದು ಅದನ್ನು ಅರ್ಧಕ್ಕರ್ಧ ಕತ್ತರಿಸಿತ್ತು. ಎರಡು ತಂತಿ ಕೂಡುವ ಜಾಗಕ್ಕೆ ಎಂದಿಗೂ ಸುತ್ತಿಗೆ ಹಾಕಬಾರದು.

ಬಡಿದಾಗ ತುಸು ಬಿಚ್ಚಿಕೊಂಡ ಹನಿಯನ್ನು ಕೈಯಿಂದ ಒತ್ತಿ ಸರಿಪಡಿಸಿ. ಒಂದು ಕಾಲನ್ನು ನೆಟ್ಟಗೆ ನಿಲ್ಲಿಸಿ ದುಂಡುಮೂತಿಯ ಇಕ್ಕಳದಿಂದ ಕೊಂಡಿಯಾಗಿ ಬಗ್ಗಿಸಿ, ಇನ್ನೊಂದನ್ನು ಅದರ ಬುಡಕ್ಕೆ ಎರಡು ಸುತ್ತು ಬಿಗಿಯಾಗಿ ಸುತ್ತಿ, ಮಿಕ್ಕದ್ದನ್ನು ಕತ್ತರಿಸಿ.

ಚೌಕಟ್ಟಿಗೆ ಹಳೆಯ ಒಡವೆಯ ಕಪ್ಪು ಬೇಕಿದ್ದರೆ ಬೇಯಿಸಿದ ಕೋಳಿಮೊಟ್ಟೆಯನ್ನು ಬಿಸಿಯಿರುವಾಗಲೇ ಹೋಳು ಮಾಡಿ, ಚೌಕಟ್ಟಿನೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೆಲವು ಗಂಟೆ ಇಡಿ. ಮೊಟ್ಟೆಯಿಂದ ಹೊರಡುವ ಗಂಧಕದ ಅನಿಲ ತಾಮ್ರವನ್ನು ಕಪ್ಪಾಗಿಸುತ್ತದೆ. ಆಮೇಲೆ ತೊಳೆದು ಒರೆಸಿ, ಎಮರಿ ಕಾಗದದಿಂದ ಹಗುರವಾಗಿ ತಿಕ್ಕಿದರೆ ಉಬ್ಬುಗಳು ಹೊಳೆದು, ತಗ್ಗುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ.

ಸುತ್ತುವುದಕ್ಕೆ ಪ್ರತಿ ಲೋಲಾಕಿಗೆ ಅರ್ಧ ಮೀಟರ್ ಸಪೂರ ತಂತಿ ಸಾಕು. ಎಡಬದಿಗೆ ಐದು ಸುತ್ತು ಒತ್ತೊತ್ತಾಗಿ ಹಾಕಿ, ಮಣಿ ಪೋಣಿಸಿ, ತಂತಿಯನ್ನು ಅಡ್ಡಲಾಗಿ ಬಲಬದಿಗೆ ಒಯ್ದು ಅಲ್ಲೂ ಐದು ಸುತ್ತು ಹಾಕಬೇಕು. ಹೀಗೆ ಎರಡು ಮೂರು ಸಾಲು ಮಾಡಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳು ಹಗುರವಾದ್ದರಿಂದ ಕಿವಿಗೆ ಭಾರವಾಗುವುದಿಲ್ಲ, ಅವುಗಳ ಹಳದಿ ಮತ್ತು ಹಸಿರು ಈ ಕಪ್ಪುಗೆಂಪಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ. ಅರಗು ಬಿಸಿಗೆ ಕರಗುವುದರಿಂದ ಮಣಿ ಕೂರಿಸಿದ ಮೇಲೆ ಬೆಂಕಿಯ ಹತ್ತಿರ ತರಬಾರದು. ತಂತಿಯನ್ನು ಬೆರಳಿನಿಂದಲೇ ಎಳೆಯಿರಿ. ಅದು ಸುರುಳಿಗಟ್ಟಿದ್ದು ಕಂಡರೆ ಎಳೆಯದೆ, ಆ ಸುರುಳಿಯನ್ನು ಬೆರಳಿನಿಂದ ಬಿಡಿಸಿದ ಮೇಲೆ ಮುಂದುವರಿಯಿರಿ, ಏಕೆಂದರೆ ಗಂಟುಬಿದ್ದ ಜಾಗದಲ್ಲೇ ಅದು ತುಂಡಾಗುವುದು. ಕೊನೆಯ ತುದಿಯನ್ನು ಚೌಕಟ್ಟಿನ ಒಳಮೈಗೆ ತಂದು ಕತ್ತರಿಸಿ, ಚಪ್ಪಟೆ ಇಕ್ಕಳದಿಂದ ಒತ್ತಿಬಿಡಿ. ಹಳೆಯ ರೇಷ್ಮೆ ಸೀರೆಯ ಚೂರೊಂದನ್ನು ಅದರ ಮೇಲೆ ಎಳೆದು ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ಆ ತುದಿ ಸೆರಗನ್ನೂ ಕತ್ತನ್ನೂ ಗೀರುತ್ತದೆ ಎಂದೇ ಅರ್ಥ, ಇನ್ನೊಮ್ಮೆ ಒತ್ತಬೇಕು.

ಕಿವಿಯ ತೂತಿಗೆ ಹೋಗುವ ಕೊಕ್ಕೆ ತಾಮ್ರದ್ದಾಗಿರಬಾರದು, ಬೆಳ್ಳಿಯದನ್ನು ಹಾಕಿ. ಬೆವರು ತಗುಲಿದ ತಾಮ್ರ ಚರ್ಮಕ್ಕೆ ಹಸಿರು ಬಣ್ಣ ಬಿಡುತ್ತದೆ. ಸೋಪು ನೀರಿನಲ್ಲಿ ತೊಳೆದರೆ ಅದು ಹೋಗುತ್ತದೆ. ತೆಗೆದಿಡುವಾಗ ಪ್ರತಿಸಲ ಒಣಬಟ್ಟೆಯಿಂದ ಒರೆಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮರದ ಮಣಿಯಿರುವ ಲೋಲಾಕನ್ನು ಹುಣಸೆ ನೀರಿಗೆ ಹಾಕದೆ, ಚೌಕಟ್ಟು ಮಂಕಾದಾಗ ಅದಕ್ಕಷ್ಟೇ ತಾಗುವಂತೆ ಒಣಬಟ್ಟೆಯಿಂದ ಉಜ್ಜಬೇಕು.