ಮೇಲ್ ಬರುತ್ತದೆ, ಹೋಗುವುದಿಲ್ಲ: ಥಂಡರ್‌ಬರ್ಡ್‌ನಲ್ಲಿ ಎಲ್ಲೆಲ್ಲಿ ನೋಡಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನ ಆಫೀಸು ನೋಡಿಕೊಳ್ಳುತ್ತೇನೆ. ಕೊಟೇಶನ್, ಬಿಲ್, ಡ್ರಾಯಿಂಗ್ ಎಲ್ಲ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಿಂದಲೇ ಹೋಗಬೇಕು. ಒಂದು ದಿನ ಪುಣೆಯ ಪಾರ್ಟಿಗೆ ಸಂಜೆ 5ರೊಳಗೆ ಕೊಟೇಶನ್ ಕಳಿಸಬೇಕಿತ್ತು. ಸೆಂಡ್ ಒತ್ತಿದೆ. ತುಂಬಾ ಹೊತ್ತು ಸುತ್ತಿ, ಕೊನೆಗೆ ಟೈಮ್‌ಔಟ್ ಎಂದು ಬಂತು. "ಹೋತೇನವಾ ಮೇಲ್?" ಅಂತ ಮಾಲಕರು ಎರಡು ಸಲ ಬಂದು ಕೇಳಿದರು. ಹೊಸ ಮೇಲ್ ಮಾತ್ರ ಬರ್ತಾನೇ ಇದ್ದವು. ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಬರುವುದೂ ನಿಂತಿತು.

ಅದಕ್ಕೇ ಹೇಳುತ್ತೇನೆ, ಮೊದಲೇ ಪಾಸ್‌ವರ್ಡ್ ಮುಟ್ಟಬೇಡಿ. ಮೇಲ್ ತರುವುದು ಐಮ್ಯಾಪ್ ಸರ್ವರ್, ಒಯ್ಯುವುದು ಎಸ್‌ಎಂಟಿಪಿ ಸರ್ವರ್. ಎರಡರ ಸೆಟ್ಟಿಂಗೂ ಬೇರೆ ಬೇರೆ. ಮೇಲ್ ಬರುತ್ತಿದೆ ಅಂದರೆ ಅರ್ಧ ಸರಿಯಿದೆ ಅಂತಲೇ ಅರ್ಥ.

ಎರರ್ ಕಿಟಕಿ ಬಂದ ಕೂಡಲೇ ಓಕೆ ಒತ್ತಬೇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಮೂರಂಕಿಯ ಸಂಖ್ಯೆ ಇದೆಯಾ ನೋಡಿ. 4ರಿಂದ ಶುರುವಾದರೆ ತಾತ್ಕಾಲಿಕ ತೊಂದರೆ, ಸ್ವಲ್ಪ ಹೊತ್ತು ಬಿಟ್ಟು ಕಳಿಸಿ. 5ರಿಂದ ಶುರುವಾದರೆ ಎಷ್ಟು ಸಲ ಒತ್ತಿದರೂ ಹೋಗುವುದಿಲ್ಲ, ಏನಾದರೂ ಸರಿ ಮಾಡಲೇಬೇಕು. ಸಂಖ್ಯೆಯೇ ಇಲ್ಲ, ಬರೀ ಟೈಮ್‌ಔಟ್ ಅಂದರೆ ನಿಮ್ಮ ಕಂಪ್ಯೂಟರ್ ಸರ್ವರ್‌ವರೆಗೆ ಮುಟ್ಟೇ ಇಲ್ಲ.

ನನಗೆ ಆಗಿದ್ದು ಅದೇ. ಹಿಂದಿನ ವಾರ ಆಫೀಸಿನ ಇಂಟರ್ನೆಟ್ ಕನೆಕ್ಷನ್ ಬದಲಿಸಿದ್ದೆವು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎಡಗಡೆ ಪಟ್ಟಿಯ ಕೊನೆಗೆ ಔಟ್‌ಗೋಯಿಂಗ್ ಸರ್ವರ್ ಇರುತ್ತದೆ. ತೆರೆದರೆ ಪೋರ್ಟ್ (ಸರ್ವರ್‌ನ ಬಾಗಿಲ ಸಂಖ್ಯೆ) 25! ಅದು ಸರ್ವರ್‌ಗಳು ತಮ್ಮತಮ್ಮಲ್ಲಿ ಮೇಲ್ ಸಾಗಿಸುವ ದಾರಿ. ಸ್ಪ್ಯಾಮ್ ಕಾಟಕ್ಕೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿಟ್ಟಿರುತ್ತವೆ. 587 ಹಾಕಿ, ಅದರ ಕೆಳಗೆ ಕನೆಕ್ಷನ್ ಸೆಕ್ಯುರಿಟಿಯಲ್ಲಿ (ಮೇಲ್ ಗುಪ್ತವಾಗಿ ಸಾಗಿಸುವ ಬಗೆ) ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದೆ. 4:40ಕ್ಕೆ ಕೊಟೇಶನ್ ಹೋಯಿತು. 465 ಹಾಕುವುದಾದರೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಆರಿಸಬೇಕು. ಈ ಜೋಡಿ ಅದಲುಬದಲಾದರೂ ಮೇಲ್ ಅಲ್ಲೇ ನಿಲ್ಲುತ್ತದೆ.

ಪೋರ್ಟ್ ಸರಿಯಿದ್ದೂ ಹೋಗದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡಿ. ಅದರಲ್ಲಿ ಹೋದರೆ ತೊಂದರೆ ಆಫೀಸಿನ ಲೈನಿನದು. ಅದರಲ್ಲೂ ಹೋಗದಿದ್ದರೆ ಆ್ಯಂಟಿವೈರಸ್‌ನ ಮೇಲ್ ಸ್ಕ್ಯಾನ್ ಒಂದು ನಿಮಿಷ ಬಂದ್ ಮಾಡಿ ಪರೀಕ್ಷಿಸಿ, ಮತ್ತೆ ಆನ್ ಮಾಡಿ.

535 ಬಂದರೆ ಮಾತ್ರ ಪಾಸ್‌ವರ್ಡ್ ಕಡೆ ಹೋಗಿ. ಜಿಮೇಲ್ ಆದರೆ ಅಥೆಂಟಿಕೇಶನ್‌ನಲ್ಲಿ (ನೀವು ಯಾರೆಂದು ಸರ್ವರ್‌ಗೆ ತೋರಿಸುವ ಬಗೆ) ಓಆಥ್2, ಅಂದರೆ ಗೂಗಲ್‌ನ ಪುಟದಲ್ಲೇ ಲಾಗಿನ್ ಆಗುವ ವಿಧಾನ ಆರಿಸಿ. ಅದು ಆಗದಿದ್ದರೆ ಗೂಗಲ್ ಅಕೌಂಟ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಕಂಪನಿ ಡೊಮೇನ್‌ನ ಮೇಲ್ ಆದರೆ ಯೂಸರ್‌ನೇಮ್ ಜಾಗದಲ್ಲಿ ಸಾಮಾನ್ಯವಾಗಿ ಪೂರ್ತಿ ಮೇಲ್ ಐಡಿ ಬೇಕು. ಇನ್ನೊಂದು ಜಾಸ್ತಿ ಜನರಿಗೆ ಗೊತ್ತಿಲ್ಲ. ಸೇವ್ಡ್ ಪಾಸ್‌ವರ್ಡ್ಸ್ ತೆರೆದರೆ ಐಮ್ಯಾಪ್‌ಗೆ ಒಂದು ಸಾಲು, ಎಸ್‌ಎಂಟಿಪಿಗೆ ಒಂದು ಸಾಲು ಕಾಣುತ್ತದೆ. ಮೊದಲನೆಯದರಲ್ಲಿ ಹೊಸ ಪಾಸ್‌ವರ್ಡ್, ಎರಡನೆಯದರಲ್ಲಿ ಹಳೆಯದು ಉಳಿದಿರಬಹುದು. ಎಸ್‌ಎಂಟಿಪಿ ಸಾಲು ಅಳಿಸಿ ಮತ್ತೆ ಕಳಿಸಿ, ಥಂಡರ್‌ಬರ್ಡ್ ತಾನೇ ಪಾಸ್‌ವರ್ಡ್ ಕೇಳುತ್ತದೆ.

550 ಬಂದರೆ ಆ ಕಡೆಯವರ ಐಡಿಯನ್ನು ಒಂದೊಂದೇ ಅಕ್ಷರ ಓದಿ. ಜೊತೆಗೆ ರಿಲೇ ಎಂಬ ಪದ ಇದ್ದರೆ ಅಥೆಂಟಿಕೇಶನ್ ನೋಡಿ, ಅಲ್ಲಿ 'ನೋ' ಎಂದಿರಬಹುದು.

552 ಅಂದರೆ ಫೈಲ್ ಭಾರ ಆಯಿತು, ಅಥವಾ ಆ ಕಡೆಯವರ ಮೇಲ್ ಡಬ್ಬಿ ತುಂಬಿದೆ. ಜಿಮೇಲ್‌ನಿಂದ ಕಳಿಸುವ ಮಿತಿ 25 ಎಂಬಿ. ಆದರೆ ಮೇಲ್‌ಗೆ ಹಚ್ಚಿದ ಫೈಲ್ ದಾರಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. 20 ಎಂಬಿಯ ಡ್ರಾಯಿಂಗ್ ಅಲ್ಲಿ 27ರ ಹತ್ತಿರ ಆಗುತ್ತದೆ. ಅಂಥದ್ದಕ್ಕೆ ಡ್ರೈವ್ ಲಿಂಕ್ ಕಳಿಸುವುದೇ ಸರಿ.

ಇನ್ನೊಂದು ಕಿಟಕಿ ಬರುತ್ತದೆ: ಮೇಲ್ ಹೋಯಿತು, ಸೆಂಟ್ ಫೋಲ್ಡರ್‌ಗೆ ಪ್ರತಿ ಇಡಲಾಗಲಿಲ್ಲ ಅಂತ. ಅದನ್ನು ಪೂರ್ತಿ ಓದಿ. ಮೇಲ್ ಹೋಗಿರುತ್ತದೆ, ತೊಂದರೆ ಐಮ್ಯಾಪ್ ಕಡೆಯದು. ಮೊದಲಿನಿಂದ ಮತ್ತೆ ಸೆಂಡ್ ಒತ್ತಿದರೆ ಅದೇ ಕೊಟೇಶನ್ ಪಾರ್ಟಿಗೆ ಎರಡೆರಡು ಸಲ ಮುಟ್ಟುತ್ತದೆ. ಅನುಮಾನ ಇದ್ದರೆ ಫೋನ್ ಮಾಡಿ ಕೇಳಿಬಿಡಿ.